ಅರಳುಮರಳು ಮತ್ತು ಕಿಟಕಿಯ ಪಕ್ಕದ ಹುಡುಗ



ಕಳೆದ ಮಾಘ ಮಾಸದ ಒಂದು ಸೋಮವಾರ ಬ್ಯಾಡಗಿಗೆ ಹೋಗಿದ್ದೆ. ವರ್ಷಕ್ಕೆ ಬೇಕಾಗುವ ಮೆಣಸಿನಕಾಯಿಯನ್ನು ಸುಗ್ಗಿಯಲ್ಲಿಯೇ ಕೊಂಡು, ಬಿಸಿಲಿಗೆ ಹಾಕಿ, ಖಾರ ಕುಟ್ಟಿಸಿ ಇಡುವುದು ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಪದ್ಧತಿ. ಸೋಮವಾರ ಮತ್ತು ಗುರುವಾರ ಅಲ್ಲಿ ಮಾರುಕಟ್ಟೆಯ ದಿನಗಳು. ಕಣ್ಣು ಹಾಯುವಷ್ಟು ದೂರ ಕೆಂಪು ಚೀಲಗಳ ಸಾಲು, ಗಾಳಿಯಲ್ಲಿ ತೇಲುವ ಖಾರದ ಘಾಟು, ಸೀನುತ್ತಲೇ ವ್ಯವಹಾರ ಮಾಡುವ ಜನ. ಆ ಗದ್ದಲದ ನಡುವೆ ಯಾರೋ ಬಂದು ನನ್ನ ಪಾದ ಮುಟ್ಟಿದರು.

"ನಮಸ್ಕಾರ್ರೀ ಸರ್. ಗುರುತು ಸಿಕ್ತೇನ್ರೀ?"

ಐವತ್ತು ದಾಟಿದ ವ್ಯಕ್ತಿ. ನರೆತ ಮೀಸೆ. ಆದರೆ ಆ ಕಣ್ಣುಗಳನ್ನು ನಾನು ಬಲ್ಲೆ. ಯಾವ ಊರಿನವನು, ಯಾವ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ, ಮಳೆಗಾಲದಲ್ಲಿ ಗೊಬ್ಬರದ ಚೀಲವನ್ನು ಮಡಿಚಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದುದು, ಎಲ್ಲವೂ ಒಮ್ಮೆಲೇ ಕಣ್ಣಮುಂದೆ ಬಂದವು. ಹೆಸರೊಂದು ಮಾತ್ರ ಬರಲಿಲ್ಲ.

"ಸಿಗದ ಏನಾಗತದಪಾ! ಆರಾಮ ಇದ್ದೀಯಿಲ್ಲೋ?" ಎಂದು ಜಾರಿಕೊಳ್ಳಲು ನೋಡಿದೆ.

ಅವನು ನಕ್ಕ. "ಹಂಗಾರ ನನ್ನ ಹೆಸರು ಹೇಳ್ರಿ ನೋಡೂಣು."

ಮೂವತ್ತೈದು ವರ್ಷ ಹಾಜರಿ ಕೂಗಿದ ಬಾಯಿ ಅಲ್ಲಿ ಮುಚ್ಚಿಕೊಂಡಿತು. ನಾಲಗೆಯ ತುದಿಗೆ ಇನ್ನೊಂದು ಹೆಸರು ಬಂದು ನಿಂತಿತ್ತು. ಅದನ್ನು ನಾನು ಆಡುವಂತಿರಲಿಲ್ಲ. ಏಕೆಂದು ಮುಂದೆ ಹೇಳುತ್ತೇನೆ. ನನ್ನ ಸಂಕಟವನ್ನು ಅವನೇ ಅರ್ಥಮಾಡಿಕೊಂಡು, "ಇರ್ಲಿ ಬಿಡ್ರಿ ಸರ್, ಸಾವಿರಾರು ಹುಡುಗ್ರಿಗೆ ಕಲಿಸೀರಿ, ಎಷ್ಟಂತ ನೆನಪಿಡ್ತೀರಿ" ಎಂದ. ಅಷ್ಟರಲ್ಲಿ ದಲಾಲಿ ಅಂಗಡಿಯಿಂದ ಯಾರೋ ಕೂಗಿದರು. ಅವನು ಮತ್ತೊಮ್ಮೆ ಕೈಮುಗಿದು ಚೀಲಗಳ ನಡುವೆ ಮರೆಯಾದ.

ಹಾವೇರಿಗೆ ಮರಳುವ ಬಸ್ಸಿನಲ್ಲಿ ಅಕಾರದಿಂದ ಆರಂಭಿಸಿ ಒಂದೊಂದೇ ಅಕ್ಷರ ಹಿಡಿದು ಆ ಹೆಸರನ್ನು ಹುಡುಕಿದೆ. ರಾತ್ರಿ ಹಾಸಿಗೆಯಲ್ಲಿಯೂ ಹುಡುಕಿದೆ. ನನ್ನ ಚಡಪಡಿಕೆಯನ್ನು ಕಂಡ ಮನೆಯಾಕೆ, "ಅರವತ್ತಕ್ಕ ಅರಳುಮರಳು ಅಂತಾರ. ನಿಮಗ ಎಪ್ಪತ್ತಾರು. ಹದಿನಾರು ವರ್ಷ ತಡಾ ಮಾಡಿ ಬಂದೈತಿ, ಅದಕ್ಕ ಸಂತೋಷಪಡ್ರಿ" ಎಂದಳು. ನಾನೂ ನಕ್ಕೆ. ಆದರೆ 'ಅರಳುಮರಳು' ಎಂಬ ಆ ಶಬ್ದ ನಮ್ಮ ಮನೆಗೆ ಹೊಸದಾಗಿರಲಿಲ್ಲ. ನನ್ನ ತಾಯಿಯ ಕೊನೆಯ ವರ್ಷಗಳಲ್ಲಿ ಅವಳ ಬೆನ್ನ ಹಿಂದೆ ನಾವೆಲ್ಲ ಅದನ್ನು ಧಾರಾಳವಾಗಿ ಬಳಸಿದ್ದೆವು. ಈಗ ಅದು ನನ್ನ ಬಾಗಿಲಿಗೆ ಬಂದು ನಿಂತಂತೆ ತೋರಿತು.

ಬುಧವಾರ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಸುಮ್ಮನೆ ಕುಳಿತಿದ್ದೆ. ಕೈಯಲ್ಲಿ ಪುಸ್ತಕವಿರಲಿಲ್ಲ. ಹೆಸರಿನ ಹುಡುಕಾಟವನ್ನು ಕೈಬಿಟ್ಟಾಗಿತ್ತು. ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿಯ ಮೇಲೆ ಬಿಸಿಲು ಸರಿಯುವುದನ್ನು ನೋಡುತ್ತ ನೋಡುತ್ತ ನನ್ನೊಳಗೆ ಎಲ್ಲಿಂದಲೋ ಹಾಜರಿ ಕೂಗುವ ಧ್ವನಿ ಕೇಳತೊಡಗಿತು. ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಇಪ್ಪತ್ತಮೂರನೆಯ ಹೆಸರು ಅವನದು! ಅಡ್ಡಹೆಸರು, ತಂದೆಯ ಹೆಸರು ಸಮೇತ ಬಂದು ನಿಂತಿತು. ಮೂರು ದಿನ ಬೆನ್ನಟ್ಟಿದಾಗ ಸಿಗದ ಹೆಸರು, ಸುಮ್ಮನೆ ಕುಳಿತಾಗ ತಾನಾಗಿಯೇ ಬಂದಿತ್ತು. ಅದರ ಹಿಂದೆಯೇ ಒಂದು ಕಿಟಕಿಯೂ ನೆನಪಿಗೆ ಬಂತು. ಸಂತೋಷದ ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು.

ಮಗನ ಒತ್ತಾಯಕ್ಕೆ ಮುಂದಿನ ತಿಂಗಳು ಬೆಂಗಳೂರಿಗೆ ಹೋಗಿ ಒಬ್ಬ ತಜ್ಞ ವೈದ್ಯರನ್ನು ಕಂಡೆ. ನನ್ನ ವಯಸ್ಸಿನ ಅರ್ಧದಷ್ಟೂ ಇರದ ತರುಣರು. ಜೀವನವಿಡೀ ಪ್ರಶ್ನೆಪತ್ರಿಕೆ ತೆಗೆದವನು ಅಂದು ಪರೀಕ್ಷೆಗೆ ಕುಳಿತೆ. ಇಂದು ಯಾವ ವಾರ, ಯಾವ ತಿಂಗಳು? ನೂರರಿಂದ ಏಳನ್ನು ಕಳೆಯುತ್ತ ಹೋಗಿ. ಐದು ಪದ ಹೇಳುತ್ತೇನೆ, ಸ್ವಲ್ಪ ಹೊತ್ತಿನ ನಂತರ ಮರಳಿ ಹೇಳಿ. ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ? ಐದು ಪದಗಳಲ್ಲಿ ಒಂದು ತಪ್ಪಿತು. ವೈದ್ಯರು ಸುಳಿವು ಕೊಟ್ಟಾಗ ಅದೂ ಬಂತು. ರಕ್ತದಲ್ಲಿ ಬಿ-12 ಜೀವಸತ್ತ್ವ, ಥೈರಾಯ್ಡ್, ಸಕ್ಕರೆಯ ಪ್ರಮಾಣ ನೋಡಿದರು. ಇವುಗಳ ಏರುಪೇರಿನಿಂದ ಬರುವ ಮರೆವು ಚಿಕಿತ್ಸೆಯಿಂದ ಸುಧಾರಿಸಬಹುದಾದುದರಿಂದ ಮೊದಲು ಅವನ್ನು ನೋಡುತ್ತಾರಂತೆ.

ಕೊನೆಗೆ ಅವರು ಹೇಳಿದ ಮಾತು ಇದು: "ಸರ್, ನೀವು ಒಬ್ಬರೇ ಬಸ್ ಹತ್ತಿ ಹೋಗಿ, ದರ ವಿಚಾರಿಸಿ, ಲೆಕ್ಕ ಮಾಡಿ ಹಣ ಕೊಟ್ಟು, ಸರಿಯಾಗಿ ಮನೆಗೆ ಬಂದಿದ್ದೀರಿ. ಹೆಸರು ಮೂರು ದಿನ ತಡವಾಗಿ ಬಂತು, ಆದರೆ ಬಂತು. ಗೊತ್ತಿರುವ ದಾರಿ ತಪ್ಪತೊಡಗಿದರೆ, ದಿನನಿತ್ಯದ ಲೆಕ್ಕ ಎಡವಿದರೆ, ಕೇಳಿದ್ದನ್ನೇ ಗಳಿಗೆಗೊಮ್ಮೆ ಕೇಳುತ್ತಿದ್ದೀರಿ ಅಂತ ಮನೆಯವರು ಹೇಳಿದರೆ ತಕ್ಷಣ ಬನ್ನಿ. ಈಗ ನಿಮ್ಮ ವಯಸ್ಸಿಗೆ ಎಲ್ಲ ಸರಿಯಾಗಿದೆ." ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಯಂತೆ ಹೊರಗೆ ಬಂದೆ.

ಹೆಸರುಗಳೇ ಏಕೆ ಮೊದಲು ಕೈಕೊಡುತ್ತವೆ ಎಂಬುದಕ್ಕೂ ಮನಶ್ಶಾಸ್ತ್ರಜ್ಞರಲ್ಲಿ ಉತ್ತರವಿದೆ. ಒಬ್ಬನು ಬಡಗಿ ಎಂದರೆ ನಮ್ಮ ಮನಸ್ಸಿಗೆ ಬಾಚಿ, ಉಳಿ, ಕಟ್ಟಿಗೆಯ ವಾಸನೆ ಎಲ್ಲವೂ ಬರುತ್ತವೆ. ಒಂದು ಎಳೆ ಸಿಗದಿದ್ದರೆ ಇನ್ನೊಂದನ್ನು ಹಿಡಿದು ಒಳಗೆ ಹೋಗಬಹುದು. ಅವನ ಅಡ್ಡಹೆಸರು 'ಬಡಿಗೇರ' ಎಂದಷ್ಟೇ ಆದರೆ ಈ ಎಳೆಗಳಿಲ್ಲ. ನಮ್ಮ ಸೀಮೆಯಲ್ಲಿ ಬಡಿಗೇರ ಎಂಬುವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ಕುಂಬಾರ ಎಂಬುವನು ಗಣಿತ ಕಲಿಸುತ್ತಾನೆ, ಮೆಣಸಿನಕಾಯಿ ಎಂಬುವನು ವಕೀಲನಾಗಿರುತ್ತಾನೆ. ವ್ಯಕ್ತಿಗೂ ಹೆಸರಿಗೂ ನಡುವೆ ಇರುವುದು ಒಂದೇ ತೆಳುವಾದ ದಾರ. ವಯಸ್ಸಾದಂತೆ ಆ ದಾರವನ್ನು ಹಿಡಿದೆಳೆಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅದೇ ಹೊತ್ತಿಗೆ ಹತ್ತಿರದ ಇನ್ನೊಂದು ಹೆಸರು ಮುನ್ನುಗ್ಗಿ ಬಂದು ಬಾಗಿಲಲ್ಲಿ ನಿಂತರೆ ನಿಜವಾದುದು ಹೊರಬರುವುದು ಇನ್ನೂ ಕಷ್ಟ.

ಆ ಸಲ ಬೆಂಗಳೂರಿನಲ್ಲಿದ್ದಾಗ ನನ್ನ ಮೊಮ್ಮಗಳು ಒಂದು ವಿಚಿತ್ರ ಸಂಗತಿ ಹೇಳಿದಳು. ಅವಳು ಕಾಲೇಜು ವಿದ್ಯಾರ್ಥಿನಿ. ಯಾವುದೋ ಸಂಶೋಧನೆಗೆ ಆರೋಗ್ಯವಂತ ತರುಣರು ಬೇಕೆಂದಾಗ ಸ್ವಯಂಸೇವಕಿಯಾಗಿ ಹೋಗಿ ಎಂ.ಆರ್.ಐ. ಯಂತ್ರದೊಳಗೆ ಮಲಗಿ ಬಂದಿದ್ದಳು. "ಏನು ಪರೀಕ್ಷೆ ಮಾಡಿದರವ್ವಾ?" ಎಂದು ಕೇಳಿದೆ. "ಏನೂ ಇಲ್ಲ ಅಜ್ಜಾ. ಒಂದು ಕೂಡಿಸುವ ಚಿಹ್ನೆಯನ್ನು ನೋಡ್ತಾ ಸುಮ್ಮನೆ ಮಲಕ್ಕೋ, ನಿದ್ದೆ ಮಾತ್ರ ಮಾಡಬೇಡ ಅಂದ್ರು. ಸುಮ್ಮನಿರೋದೇ ಪರೀಕ್ಷೆ" ಎಂದಳು. ಸುಮ್ಮನಿರುವುದನ್ನು ಅಳೆಯುವ ಶಾಸ್ತ್ರ! ಅಧ್ಯಾಪಕನಾಗಿ ನಾನು ಯಾವುದಕ್ಕೆ ಬೆತ್ತ ಎತ್ತುತ್ತಿದ್ದೆನೋ, ಅದನ್ನೇ ಇವರು ಕೋಟಿ ಬೆಲೆಯ ಯಂತ್ರವಿಟ್ಟು ನೋಡುತ್ತಿದ್ದಾರಲ್ಲ ಎಂದುಕೊಂಡು, ಅವಳ ನೆರವಿನಿಂದ ಕೆಲವು ದಿನ ಆ ವಿಷಯವನ್ನೇ ಓದಿದೆ. ನನಗೆ ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ. 2 ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಅದೊಂದಕ್ಕೇ ಬೇಕು. ಕಠಿಣ ಲೆಕ್ಕವೊಂದನ್ನು ಬಿಡಿಸಲು ಕುಳಿತಾಗ ಈ ವೆಚ್ಚ ಬಹಳ ಏರುತ್ತದೆಂದು ನಾವು ಭಾವಿಸಬಹುದು. ಆಗ ಹೆಚ್ಚಾಗುವುದು ಸಾಮಾನ್ಯವಾಗಿ ಶೇ. 5ಕ್ಕಿಂತ ಕಡಿಮೆ. ಅಂದರೆ ಮಿದುಳಿನ ಖರ್ಚಿನ ಬಹುಪಾಲು ನಡೆಯುವುದು ನಾವು 'ಏನೂ ಮಾಡುತ್ತಿಲ್ಲ' ಎಂದುಕೊಂಡಿರುವಾಗಲೂ ನಿಲ್ಲದ ಕೆಲಸಕ್ಕೆ.

ಬ್ಯಾಡಗಿಯ ಮಾರುಕಟ್ಟೆಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಮಂಗಳವಾರವೋ ಬುಧವಾರವೋ ಹೊಸಬರು ಬಂದರೆ, ಹರಾಜಿಲ್ಲ, ಗದ್ದಲವಿಲ್ಲ, ಇಂದು ಕೆಲಸವಿಲ್ಲವೆಂದು ತಿಳಿದಾರು. ಒಳಗೆ ಹೋಗಿ ನೋಡಿ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿರುತ್ತಾರೆ. ಡಬ್ಬಿಯನ್ನು ಕಡ್ಡಿಯಿಂದ ಬೇರ್ಪಡಿಸುತ್ತಾರೆ, ಬಣ್ಣಗೆಟ್ಟದ್ದನ್ನು ಆರಿಸಿ ತೆಗೆಯುತ್ತಾರೆ. ಹಮಾಲರು ಚೀಲಗಳನ್ನು ಶೀತಲಗೃಹಕ್ಕೆ ಸಾಗಿಸುತ್ತಾರೆ. ಗುಮಾಸ್ತರು ಹಿಂದಿನ ಲೆಕ್ಕ ಬರೆದು ಮುಂದಿನ ಸಂತೆಗೆ ಸಿದ್ಧರಾಗುತ್ತಾರೆ. ಸೋಮವಾರದ ವ್ಯಾಪಾರ ನಿಂತಿರುವುದೇ ಈ ಬುಧವಾರದ ದುಡಿಮೆಯ ಮೇಲೆ.

ಮಿದುಳಿನ ಈ ಬುಧವಾರದ ಕೆಲಸ ಒಮ್ಮೆಲೇ ಕಂಡುದಲ್ಲ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ವಿದ್ಯುತ್ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣುಮುಚ್ಚಿ ಸುಮ್ಮನಿದ್ದವರಲ್ಲಿಯೂ ಆ ತರಂಗಗಳು ಕಾಣುತ್ತಿದ್ದವು. 1995ರಲ್ಲಿ ಅಮೆರಿಕೆಯ ವಿಸ್ಕಾನ್ಸಿನ್‌ನಲ್ಲಿ ಭರತ್ ಬಿಸ್ವಾಲ್ ಎಂಬ ತರುಣ ಸಂಶೋಧಕ ಮತ್ತು ಅವರ ಸಹೋದ್ಯೋಗಿಗಳು ಎಂ.ಆರ್.ಐ. ಯಂತ್ರದಲ್ಲಿ ಇನ್ನೊಂದು ಸಂಗತಿ ಗುರುತಿಸಿದರು. ಕೈ ಅಲುಗಿಸದೆ ಸುಮ್ಮನೆ ಮಲಗಿದ್ದರೂ, ಎಡ ಮತ್ತು ಬಲಗೈಗಳ ಚಲನೆಯನ್ನು ನಡೆಸುವ ಮಿದುಳಿನ ಎರಡು ಭಾಗಗಳು ನಿಧಾನವಾಗಿ ಒಟ್ಟಿಗೆ ಏರುತ್ತ, ಒಟ್ಟಿಗೆ ಇಳಿಯುತ್ತ ಇದ್ದವು. ಜಾತ್ರೆಯ ದಿನ ಬೇರೆ ಬೇರೆ ಓಣಿಗಳಿಂದ ಡೊಳ್ಳಿನ ಸದ್ದು ಒಂದೇ ತಾಳದಲ್ಲಿ ಕೇಳಿಬಂದರೆ ಅವರೆಲ್ಲ ಒಂದೇ ಮೇಳದವರೆಂದು ನಾವು ತಿಳಿಯುವುದಿಲ್ಲವೇ? ಹಾಗೆಯೇ ಒಂದೇ ತಾಳದಲ್ಲಿರುವ ಭಾಗಗಳನ್ನು ಒಂದು 'ಜಾಲ'ವೆಂದು ವಿಜ್ಞಾನಿಗಳು ಕರೆಯುತ್ತಾರೆ. 2001ರಲ್ಲಿ ಸೇಂಟ್ ಲೂಯಿಯ ಮಾರ್ಕಸ್ ರೈಕಲ್ ಮತ್ತು ಅವರ ಸಂಗಡಿಗರು, ನಾವು ಹೊರಗಿನ ಕೆಲಸದಲ್ಲಿ ತೊಡಗಿದಾಗ ತಗ್ಗುವ, ಸುಮ್ಮನಾದಾಗ ಮತ್ತೆ ಏರುವ ಕೆಲವು ಭಾಗಗಳ ಬಗೆಗೆ ಬರೆದರು. ಅವುಗಳ ಕೂಟಕ್ಕೆ ಮುಂದೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಎಂಬ ಹೆಸರು ನಿಂತಿತು. ನಾವು ಅದನ್ನು ವಿಶ್ರಾಂತಿಯ ಜಾಲವೆನ್ನೋಣ. ಹಣೆಯ ಹಿಂದೆ ನಡುಭಾಗದಲ್ಲಿ ಒಂದು ಕೇಂದ್ರ, ಮಿದುಳಿನ ಹಿಂಬದಿಯ ನಡುವೆ ಇನ್ನೊಂದು, ಎರಡೂ ಪಕ್ಕಗಳಲ್ಲಿ ಮತ್ತೆರಡು. ಕಳೆದುದನ್ನು ನೆನೆಯುವುದು, ನಾಳೆಯನ್ನು ಊಹಿಸುವುದು, ಇನ್ನೊಬ್ಬರ ಮನಸ್ಸಿನಲ್ಲಿ ಏನಿದ್ದೀತೆಂದು ಯೋಚಿಸುವುದು, ಇವೆಲ್ಲ ಈ ಜಾಲಕ್ಕೆ ಹತ್ತಿರದ ಕೆಲಸಗಳು.

ಇನ್ನು ಮುಪ್ಪಿನ ವಿಚಾರ. ರೋಗವಿಲ್ಲದ ಹಿರಿಯರಲ್ಲಿಯೂ ಈ ಜಾಲ ತರುಣರಲ್ಲಿದ್ದಂತೆ ಇರುವುದಿಲ್ಲ. ಮುಂಭಾಗದ ಕೇಂದ್ರಕ್ಕೂ ಹಿಂಭಾಗದ ಕೇಂದ್ರಕ್ಕೂ ಇರುವ ತಾಳಮೇಳ ಸಡಿಲಾಗುತ್ತದೆಂದು 2007ರ ಒಂದು ಅಧ್ಯಯನ ತೋರಿಸಿತು. ಹೆಚ್ಚು ಸಡಿಲವಾದವರು ಕೆಲವು ಪರೀಕ್ಷೆಗಳಲ್ಲಿ ಹಿಂದುಳಿದಿದ್ದರು. 2014ರ ಇನ್ನೊಂದು ಅಧ್ಯಯನವು ಇಪ್ಪತ್ತರ ತರುಣರಿಂದ ಎಂಬತ್ತರ ವೃದ್ಧರವರೆಗೆ ನೋಡಿ, ವಯಸ್ಸಾದಂತೆ ಜಾಲಗಳ ನಡುವಣ ಗೆರೆ ಮಸುಕಾಗುತ್ತದೆಂದು ಹೇಳಿತು. ಅಂದರೆ ಮೇಲಿನ ಓಣಿಯ ಮೇಳದ ತಾಳ ಕೆಳಗಿನ ಓಣಿಯ ಮೇಳದೊಳಗೆ ಬೆರೆಯುತ್ತದೆ. ಈ ಗೆರೆ ಸ್ಪಷ್ಟವಾಗಿ ಉಳಿದವರ ನೆನಪು, ಅವರ ವಯಸ್ಸು ಎಷ್ಟೇ ಇರಲಿ, ಸಾಮಾನ್ಯವಾಗಿ ಉತ್ತಮವಾಗಿತ್ತು. ಮೂರನೆಯದಾಗಿ, ಕೆಲಸ ಆರಂಭವಾದಾಗ ವಿಶ್ರಾಂತಿಯ ಜಾಲ ತಗ್ಗಬೇಕಷ್ಟೆ? ಹಿರಿಯರಲ್ಲಿ ಅದು ತರುಣರಷ್ಟು ಚೆನ್ನಾಗಿ ತಗ್ಗುವುದಿಲ್ಲ. ಅಡುಗೆಮನೆಗೆ ಹೋಗಿ, ಏಕೆ ಬಂದೆನೆಂದು ನಿಂತುಕೊಳ್ಳುವ ನಮ್ಮ ಅನುಭವಕ್ಕೆ ಇದೂ ಒಂದು ಕಾರಣವಿರಬಹುದು. ಕಾಲು ಹೋದದ್ದು ಉಪ್ಪಿನ ಡಬ್ಬಿಗೆ, ಮನಸ್ಸು ಹೋದದ್ದು 1972ರ ಯಾವುದೋ ಮದುವೆಗೆ!

ಇವೆಲ್ಲ ನೂರಾರು ಜನರ ಸರಾಸರಿಯ ಮಾತುಗಳು. ಒಬ್ಬ ವ್ಯಕ್ತಿಯನ್ನು ಮಲಗಿಸಿ ನೋಡಿ, ಈ ಚಿತ್ರದ ಮೇಲೆ ಅವನ ಮುಂದಿನ ಹತ್ತು ವರ್ಷದ ಭವಿಷ್ಯ ಹೇಳಲಾಗದು. ಇಳಿಯುವುದರ ಜೊತೆಗೆ ಉಳಿಯುವುದೂ ಬಹಳ ಇದೆ. ಹೊಸದನ್ನು ಗ್ರಹಿಸುವ ವೇಗ ಕುಗ್ಗಿದರೂ, ಪದಸಂಪತ್ತು ಮತ್ತು ಲೋಕಜ್ಞಾನ ಇಳಿವಯಸ್ಸಿನವರೆಗೆ ನಿಲ್ಲುತ್ತವೆ, ಅನೇಕರಲ್ಲಿ ಬೆಳೆಯುತ್ತಲೂ ಇರುತ್ತವೆ. ನಿಮ್ಮ ಪತ್ರಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ನನ್ನ ಕಣ್ಣು ಈಗಲೂ ಅಲ್ಲಿಯೇ ನಿಲ್ಲುತ್ತದೆ.

ನನ್ನನ್ನು ಹೆಚ್ಚು ಸೆಳೆದದ್ದು ನಮ್ಮ ನಾಡಿನಲ್ಲೇ ನಡೆಯುತ್ತಿರುವ ಒಂದು ಕಾರ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನವೊಂದನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಆರೋಗ್ಯವಂತ ಗ್ರಾಮಸ್ಥರನ್ನು ಸೇರಿಸಿಕೊಂಡು, ಕಾಲಕಾಲಕ್ಕೆ ಅವರ ನೆನಪು, ರಕ್ತ, ಅನುವಂಶೀಯತೆ, ಮಿದುಳಿನ ಚಿತ್ರಗಳನ್ನು ಪರಿಶೀಲಿಸುತ್ತ, ಮುಪ್ಪು ಹೇಗೆ ಬರುತ್ತದೆ, ರೋಗ ಎಲ್ಲಿಂದ ಕವಲೊಡೆಯುತ್ತದೆ ಎಂಬುದನ್ನು ವರ್ಷಗಟ್ಟಲೆ ಕಾದು ನೋಡುವುದು ಅದರ ಉದ್ದೇಶ. ಇದು ಏಕೆ ಮುಖ್ಯ? ಮುಪ್ಪಿನ ಬಗೆಗೆ ಜಗತ್ತು ತಿಳಿದಿರುವುದರ ಹೆಚ್ಚಿನ ಪಾಲು ಪಾಶ್ಚಾತ್ಯ ದೇಶಗಳ, ಶಾಲೆ ಓದಿದ ಜನರಿಂದ ಬಂದದ್ದು. ಗಡಿಯಾರದ ಚಿತ್ರ ಬರೆಯೆಂದು ನನಗೆ ಹೇಳಿದರೆ ಬರೆದೇನು. ಸೀಸಕಡ್ಡಿಯನ್ನೇ ಹಿಡಿಯದ ನನ್ನ ತಾಯಿಗೆ ಹೇಳಿದ್ದರೆ? ಅವಳು ಬರೆಯಲಾರದ್ದನ್ನು ನೋಡಿ ಮಿದುಳು ಕೆಟ್ಟಿದೆಯೆಂದು ತೀರ್ಮಾನಿಸಿದ್ದರೆ ಅದು ಅನ್ಯಾಯವಾಗುತ್ತಿತ್ತು.

ಇಷ್ಟೊಂದು ಓದಿದ ಮೇಲೆ ತಾಯಿಯ ಮಾತನ್ನು ಹೇಳದೆ ಇರಲಾರೆ.

ಅವಳು ತೀರಿಕೊಂಡದ್ದು 1998ರಲ್ಲಿ. ಕೊನೆಯ ಆರೇಳು ವರ್ಷ ಕಂಬಕ್ಕೆ ಒರಗಿ ಒಂದೇ ಕಡೆ ಕುಳಿತಿರುತ್ತಿದ್ದಳು. "ಊಟ ಆತೇನವ್ವಾ?" ಎಂದರೆ "ಹೌದಪಾ, ಮಳಿ ಹೋತು" ಎನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಕ್ರಮೇಣ ಮನೆಯಲ್ಲಿ ಯಾರೂ ಅವಳನ್ನು ಏನೂ ಕೇಳದಾದೆವು. ಅವಳಿಗೆ ಅರಳುಮರಳು ಎಂದು ನಾವೇ ತೀರ್ಪು ಕೊಟ್ಟಾಗಿತ್ತು. ಒಂದು ಸಂಜೆ ಕರೆಂಟು ಹೋಗಿ ಊರೆಲ್ಲ ನಿಶ್ಶಬ್ದವಾಗಿತ್ತು. ಬೇರೆ ಕೆಲಸವಿಲ್ಲದೆ ಅವಳ ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಬಾಗಿ, "ಅವ್ವಾ, ಕೆರಿ ಹೊಲಾ ಕೊಂಡಾಗ ಯಾರ್ಯಾರು ಇದ್ದರು?" ಎಂದು ಕೇಳಿದೆ. ಅವಳು ಸಾಕ್ಷಿಗಳ ಹೆಸರು ಹೇಳಿದಳು, ಕೊಟ್ಟ ದುಡ್ಡು ಹೇಳಿದಳು, ಆ ವರ್ಷ ಬಿತ್ತಿದ ಬೆಳೆ ಹೇಳಿದಳು, ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ನನ್ನ ತಂದೆಯ ಕೈ ನಡುಗಿದ್ದನ್ನೂ ಹೇಳಿದಳು. ಅರ್ಧ ಗಂಟೆ ಒಂದೂ ತಪ್ಪದೆ ಮಾತಾಡಿದಳು. ಹೋದದ್ದು ಅವಳ ಮನಸ್ಸಲ್ಲ, ಕಿವಿ.

ಅದನ್ನು ಅಂದು ತಿಳಿದೂ ನಾನು ಮಾಡಿದ್ದೇನು? ಧಾರವಾಡಕ್ಕೋ ಹುಬ್ಬಳ್ಳಿಗೋ ಕರೆದೊಯ್ದು ಕಿವಿಯ ಯಂತ್ರ ಹಾಕಿಸಬೇಕೆಂದುಕೊಂಡೆ. ಪರೀಕ್ಷೆಗಳು ಮುಗಿಯಲಿ ಎಂದೆ, ಜನಗಣತಿಯೋ ಚುನಾವಣೆಯೋ ಮುಗಿಯಲಿ ಎಂದೆ. ಮುಗಿಯುವುದರೊಳಗೆ ಅವಳೇ ಮುಗಿದಳು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ತಿದ್ದಿಕೊಳ್ಳಬಹುದಾದ 14 ಸಂಗತಿಗಳ ಪಟ್ಟಿ ಕೊಟ್ಟಿತು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ವಿದ್ಯೆಯ ಕೊರತೆಗಳ ಜೊತೆಗೆ ಕಿವುಡುತನವೂ ಒಂಟಿತನವೂ ಅದರಲ್ಲಿವೆ. ಈ ಎಲ್ಲವನ್ನೂ ಪೂರ್ತಿಯಾಗಿ ನಿವಾರಿಸಲು ಸಾಧ್ಯವಾದರೆ ಇಂಥ ಕಾಯಿಲೆಗಳಲ್ಲಿ ಸುಮಾರು ಶೇ. 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಕಿವಿ ಕೇಳಿಸದವರನ್ನು ಮಾತಿನಿಂದಲೂ ದೂರವಿಟ್ಟು, ನಾವು ತಾಯಿಯ ಪಾಲಿಗೆ ಎರಡನ್ನು ಒಟ್ಟಿಗೆ ಒದಗಿಸಿದ್ದೆವು.

'ಅರಳುಮರಳು' ಎಂಬ ಒಂದೇ ಮಾತಿನಲ್ಲಿ ನಾವು ಎಷ್ಟನ್ನು ತುರುಕಿದ್ದೇವೆ ನೋಡಿ. ಸಹಜವಾದ ನಿಧಾನಕ್ಕೂ ಅದೇ ಹೆಸರು, ಚಿಕಿತ್ಸೆ ಬೇಕಾದ ರೋಗಕ್ಕೂ ಅದೇ ಹೆಸರು, ಬರಿಯ ಕಿವುಡಿಗೂ ಅದೇ ಹೆಸರು. ಆರೋಗ್ಯವಂತನು ಅದನ್ನು ಕೇಳಿ ಹೆದರುತ್ತಾನೆ; ನಿಜವಾಗಿ ರೋಗ ಬಂದವನನ್ನು, ವಯಸ್ಸಾಯಿತಲ್ಲ ಎಂದು ವೈದ್ಯರಿಗೆ ತೋರಿಸದೆ ಬಿಡುತ್ತೇವೆ.

ಇಂಥದೇ ಇನ್ನೊಂದು ತೀರ್ಪನ್ನು ನಾನು 1986ರಲ್ಲಿ ಕೊಟ್ಟಿದ್ದೆ. ಆಗ ಬ್ಯಾಡಗಿ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಎಂಟನೆಯ ತರಗತಿ. ಸವರ್ಣದೀರ್ಘ ಸಂಧಿಯ ಪಾಠ. ಕಿಟಕಿಯ ಪಕ್ಕದ ಹುಡುಗ ಎಂದಿನಂತೆ ಹೊರಗೆ ನೋಡುತ್ತಿದ್ದ. ಪ್ರಶ್ನೆ ಕೇಳಿದೆ, ಉತ್ತರ ಬರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದೆ. ಅಷ್ಟಕ್ಕೇ ಬಿಡದೆ, "ತಲಿಯೊಳಗ ಬರೇ ಬಯಲು. ನಿನ್ನ ಹೆಸರು ಇವತ್ತಿನಿಂದ ಆಕಾಶರಾಯ" ಎಂದೆ. ತರಗತಿಯೆಲ್ಲ ಗೊಳ್ಳೆಂದಿತು. ನನಗೂ ನನ್ನ ಚಾತುರ್ಯ ಹಿತವಾಗಿಯೇ ಕಂಡಿತ್ತು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ನನ್ನ ನಾಲಗೆಯ ತುದಿಗೆ ಬಂದು ನಿಂತ ಹೆಸರು ಅದೇ. ಅವನ ತಂದೆತಾಯಿ ಇಟ್ಟ ಹೆಸರಿಗೆ ದಾರಿಯಡ್ಡ ನಿಂತಿದ್ದುದು ನಾನು ಇಟ್ಟ ಹೆಸರು.

ಅದೇ ತಂಡದ ಒಬ್ಬ ವಿದ್ಯಾರ್ಥಿ ರಾಣೆಬೆನ್ನೂರಿನಲ್ಲಿದ್ದಾನೆ. ಅವನಿಂದ ದೂರವಾಣಿ ಸಂಖ್ಯೆ ಪಡೆದು, ಬೆಂಗಳೂರಿನಿಂದ ಬಂದ ಮೇಲೆ ಒಂದು ಸಂಜೆ ಕರೆ ಮಾಡಿದೆ. ಮೊದಲು ಅವನ ಹೆಸರನ್ನು ಪೂರ್ತಿಯಾಗಿ ಹೇಳಿದೆ, ಹಾಜರಿಯ ಕ್ರಮಾಂಕ ಸಮೇತ. ಅವನಿಗೆ ಬಹಳ ಸಂತೋಷವಾಯಿತು. ಆ ಮೇಲೆ ಬೆಂಚಿನ ಮೇಲೆ ನಿಲ್ಲಿಸಿದ ದಿನವನ್ನು ಜ್ಞಾಪಿಸಿ, ನನ್ನದು ತಪ್ಪಾಗಿತ್ತೆಂದೆ.

"ಯಾವ ದಿನಾರೀ ಸರ್? ದಿನಾ ನೋಡತಿದ್ದೆ" ಎಂದು ನಕ್ಕ. ಸ್ವಲ್ಪ ತಡೆದು, "ಆ ಕಿಡಕಿಯಿಂದ ನಮ್ಮ ಹೊಲಾ ಕಾಣತಿತ್ರೀ. ಅಪ್ಪಗ ಉಬ್ಬಸ ಇತ್ತು. ಒಬ್ಬನ ಎಷ್ಟು ಸಾಲು ಹೊಡದಾ, ಎಲ್ಲಿ ಕುಂತಾ ಅಂತ ನೋಡತಿದ್ದೆ" ಎಂದ.

ನಾನು ಏನೂ ಹೇಳಲಾಗಲಿಲ್ಲ. ಅವನೇ ಮುಂದುವರಿಸಿದ. "ನೀವು ಇಟ್ಟ ಹೆಸರು ಊರಾಗ ಇನ್ನೂ ಕರೀತಾರ್ರೀ. ನನ್ನ ಮಗ ಸಾಲ್ಯಾಗಿದ್ದಾಗ ಅವನಿಗೂ ಅಂತಿದ್ರು." ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಕಿಟಕಿಯಾಚೆ ನೋಡುವ ಹುಡುಗರೆಲ್ಲ ತಂದೆಯ ಉಬ್ಬಸವನ್ನೇ ಯೋಚಿಸುತ್ತಿರುತ್ತಾರೆಂದು ನಾನು ವಾದಿಸುವುದಿಲ್ಲ. ಪಾಠ ನಡೆಯುವಾಗ ಪಾಠದ ಕಡೆ ಗಮನ ಬೇಕೇ ಬೇಕು. ಸಂತೆಯ ದಿನ ಸಂತೆಯೇ ನಡೆಯಬೇಕು. ಆದರೆ ಸುಮ್ಮನೆ ಕುಳಿತ ತಲೆಯನ್ನು ನೋಡಿ ಒಳಗೆ ಬಯಲಿದೆ ಎನ್ನುವ ಅಧಿಕಾರ ನನಗಿರಲಿಲ್ಲ. ಹುಡುಗನ ವಿಷಯದಲ್ಲಿಯೂ ಇರಲಿಲ್ಲ, ಕಂಬಕ್ಕೆ ಒರಗಿದ ತಾಯಿಯ ವಿಷಯದಲ್ಲಿಯೂ ಇರಲಿಲ್ಲ. "ಏನು ನೋಡಾಕತ್ತಿ?" ಎಂದು ಅವನನ್ನು ಕೇಳಿದ್ದರೆ ಸಾಕಿತ್ತು. ಅವಳ ಕಿವಿಯ ಹತ್ತಿರ ಬಾಗಿದ್ದರೆ ಸಾಕಿತ್ತು.

ಈಗ ನನ್ನ ದಿನಚರಿಯಲ್ಲಿ ಎರಡು ಬದಲಾವಣೆಗಳಾಗಿವೆ. ಮುಂಜಾನೆ ಹೆಗ್ಗೇರಿಯ ಕಡೆಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಅಮೆರಿಕೆಯಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ಬಿರುಸಾಗಿ ನಡೆದವರಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಒಂದು ವರ್ಷದಲ್ಲಿ ಸುಮಾರು ಶೇ. 2 ಬೆಳೆದಿತ್ತು, ನಡೆಯದವರಲ್ಲಿ ಕುಗ್ಗಿತ್ತು. ಮುಂದಿನ ಎಲ್ಲ ಪ್ರಯೋಗಗಳಲ್ಲಿಯೂ ಅಷ್ಟೇ ಸ್ಪಷ್ಟ ಫಲ ಕಂಡಿಲ್ಲ. ಆದರೂ ರಕ್ತದೊತ್ತಡಕ್ಕೂ ಸಕ್ಕರೆಗೂ ನಡಿಗೆ ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ, ಅವೆರಡೂ ಮಿದುಳಿನ ಮಿತ್ರರಲ್ಲ. ಎರಡನೆಯದಾಗಿ, ಮಧ್ಯಾಹ್ನ ಅರ್ಧ ಗಂಟೆ ಕೈಯಲ್ಲಿ ಏನೂ ಹಿಡಿಯದೆ ಪಡಸಾಲೆಯಲ್ಲಿ ಕೂಡುತ್ತೇನೆ. ಮನೆಯಾಕೆ ನೋಡಿ, "ಆಕಾಶರಾಯರು ಕುಂತಾರ" ಎನ್ನುತ್ತಾಳೆ. ಆ ಹೆಸರು ಕೊನೆಗೂ ಸರಿಯಾದ ವಿಳಾಸಕ್ಕೆ ಬಂದು ತಲುಪಿದೆ.

ಅವನ ನಿಜವಾದ ಹೆಸರನ್ನು ಇಲ್ಲಿ ಬರೆದಿಲ್ಲ. ಬರೆಯಲು ಅವನ ಅನುಮತಿ ಕೇಳಿಲ್ಲ. ನಿಮ್ಮಲ್ಲಿ ಇನ್ನೂ ಯಾರಿಗಾದರೂ ನಾನು ಇಂಥ ಹೆಸರು ಇಟ್ಟಿದ್ದರೆ, ಅದು ಇನ್ನೂ ನಿಮ್ಮ ಬೆನ್ನ ಹಿಂದೆ ಬರುತ್ತಿದ್ದರೆ, ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿರಿ. ನಿಮ್ಮ ಮನೆಯಲ್ಲಿ ಕೇಳಿದ್ದಕ್ಕೊಂದು ಹೇಳುವ ಹಿರಿಯರಿದ್ದರೆ, ನಗುವ ಮೊದಲು ಒಮ್ಮೆ ಅವರ ಕಿವಿಯನ್ನು ಪರೀಕ್ಷೆ ಮಾಡಿಸಿರಿ. ಪರೀಕ್ಷೆ, ಚುನಾವಣೆ ಮುಗಿಯಲೆಂದು ಕಾಯಬೇಡಿರಿ.

ಮುಂದಿನ ಸಲ ಎಲ್ಲಿಯಾದರೂ ಎದುರಾದಾಗ ನಿಮ್ಮ ಹೆಸರು ನನಗೆ ಒಮ್ಮೆಲೇ ಬಾರದಿದ್ದರೆ ನೊಂದುಕೊಳ್ಳಬೇಡಿರಿ. ಎರಡು ದಿನ ಬಿಟ್ಟು, ಮಧ್ಯಾಹ್ನದ ಹೊತ್ತು, ಹಾಜರಿ ಪುಸ್ತಕದ ಕ್ರಮದಲ್ಲಿ ಅದು ಬರುತ್ತದೆ. ಬಂದ ಕೂಡಲೇ ಕರೆ ಮಾಡುತ್ತೇನೆ.